ಸೇಬಿನ ತೋಟಕ್ಕೆ ಪುಟ್ಟ ಮಕ್ಕಳು: ಹೆದರಬೇಕಾದದ್ದು ಬೀಜಕ್ಕಲ್ಲ

ಪ್ರಶ್ನೆ: ಡಾಕ್ಟರೇ, ನಮಗೆ ಇಬ್ಬರು ಮಕ್ಕಳು. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಹದಿನಾರು ತಿಂಗಳು. ಹೋದ ವರ್ಷ ಶರತ್ಕಾಲದಲ್ಲಿ ಸೇಬು ಕೀಳಲು ತೋಟಕ್ಕೆ ಹೋಗಿದ್ದೆವು. ಮಗಳು ಮರದಿಂದಲೇ ಕಿತ್ತು ಮೂರು ಸೇಬು ತಿಂದಳು. ಒಂದನ್ನಂತೂ ಬೀಜ ಸಮೇತ ಮುಗಿಸಿಬಿಟ್ಟಿದ್ದಳು. ಅದರ ಮೇಲೆ ಅಲ್ಲೇ ಮಾರುತ್ತಿದ್ದ ಸೇಬಿನ ರಸ ಎರಡು ಲೋಟ. ಅವತ್ತು ರಾತ್ರಿ ಹೊಟ್ಟೆ ಉಬ್ಬರಿಸಿ ನಾಲ್ಕು ಸಲ ಭೇದಿಯಾಯಿತು. ಜ್ವರ, ವಾಂತಿ ಇರಲಿಲ್ಲ. ಮಾರನೇ ದಿನ ಸಂಜೆ ಹೊತ್ತಿಗೆ ತಾನಾಗಿ ಸರಿಹೋಯಿತು. ‘ಸೇಬಿನ ಬೀಜದಲ್ಲಿ ಸಯನೈಡ್ ಇರುತ್ತೆ, ಅದರಿಂದಲೇ ಆಗಿದ್ದು’ ಅಂತ ನಮ್ಮ ಅತ್ತೆ ಹೇಳುತ್ತಾರೆ. ನನಗೆ ಔಷಧಿ ಹೊಡೆದಿದ್ದರ ಅನುಮಾನ. ಹಣ್ಣಿನ ಮೇಲೆ ಬಿಳಿ ಪುಡಿ ಥರ ಇತ್ತು. ‘ಮರದಿಂದ ಕಿತ್ತ ಹಣ್ಣಿಗಿಂತ ಶುದ್ಧವಾದದ್ದು ಇನ್ನೇನಿದೆ, ಸುಮ್ನೆ ಹೆದರ್ತೀಯ’ ಅಂತಾರೆ ನಮ್ಮ ಯಜಮಾನರು. ಈ ವರ್ಷವೂ ಹೋಗಲೇಬೇಕು ಅಂತ ಮಗಳ ಹಟ. ಮಗ ಈಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಅವನಿಗೆ ಇನ್ನೂ ಆರೇ ಹಲ್ಲು. ತೋಟದಲ್ಲಿ ಕಣಜದ ಹುಳಗಳೂ ಜಾಸ್ತಿ. ಹೋಗಬಹುದಾ? ಅವನಿಗೆ ಸೇಬು ಕೊಡಬಹುದಾ?

ಉತ್ತರ: ಹೋಗಬಹುದು. ಇಬ್ಬರನ್ನೂ ಕರೆದುಕೊಂಡು ಹೋಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ನೋಡಿದರೆ ಮನೆಯಲ್ಲಿ ಒಂದು ವರ್ಷದಿಂದ ಇದೇ ಪಂಚಾಯಿತಿ ನಡೆಯುತ್ತಿರುವ ಹಾಗಿದೆ.

ಪತ್ರದಲ್ಲಿ ಎರಡು ವಿಷಯ ಬೆರೆತುಹೋಗಿವೆ. ಹೋದ ವರ್ಷ ಮಗಳಿಗೆ ಆದದ್ದೇನು ಅನ್ನುವುದು ಒಂದು. ಈ ವರ್ಷ ಮಗನಿಗೆ ಏನಾದೀತು ಅನ್ನುವುದು ಇನ್ನೊಂದು. ನೀವು ಮೊದಲನೆಯದನ್ನೇ ಹೆಚ್ಚು ಬರೆದಿದ್ದೀರಿ. ವೈದ್ಯೆಯಾಗಿ ನನ್ನ ಗಮನ ಹೋದದ್ದು ಕೊನೆಯಲ್ಲಿ ಬಂದ ಆ ‘ಆರೇ ಹಲ್ಲು’ ಅನ್ನುವ ಮಾತಿನ ಮೇಲೆ. ಅಲ್ಲಿಗೆ ಬರುತ್ತೇನೆ. ಆದರೆ ಹಳೆಯ ಲೆಕ್ಕ ಚುಕ್ತಾ ಆಗದೆ ಮನಸ್ಸಿಗೆ ಸಮಾಧಾನ ಇರಲ್ಲ, ಅಲ್ವಾ? ಅದನ್ನೇ ಮೊದಲು ನೋಡೋಣ.

ಅತ್ತೆಯವರು ಬೀಜ ಅಂದರು. ನೀವು ಔಷಧಿ ಅಂದಿರಿ. ಯಜಮಾನರು ಏನೂ ಇಲ್ಲ ಅಂದರು. ನನ್ನ ಅನುಮಾನ ಈ ಮೂರೂ ಅಲ್ಲ. ನೀವು ಮಾತಿನ ನಡುವೆ ಹೇಳಿ ಮುಂದೆ ಹೋದಿರಲ್ಲ, ಮೂರು ಸೇಬು ಮತ್ತು ಎರಡು ಲೋಟ ರಸ, ಅದರ ಮೇಲೆ.

ಸೇಬಿನ ಸಿಹಿಯಲ್ಲಿ ಫ್ರಕ್ಟೋಸ್ ಅನ್ನುವ ಸಕ್ಕರೆಯದೇ ದೊಡ್ಡ ಪಾಲು. ಗ್ಲೂಕೋಸ್‌ನ ಎರಡು ಪಟ್ಟಿಗೂ ಹೆಚ್ಚು ಇರುತ್ತದೆ. ಅದರ ಜೊತೆಗೆ ಸಾರ್ಬಿಟಾಲ್ ಅನ್ನುವ ಇನ್ನೊಂದು ಸಿಹಿ ಪದಾರ್ಥವೂ ಇದೆ. ಚಿಕ್ಕ ಮಕ್ಕಳ ಕರುಳು ಇವೆರಡನ್ನೂ ಒಂದು ಮಿತಿಯವರೆಗೆ ಮಾತ್ರ ಹೀರಿಕೊಳ್ಳುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಇಳಿದು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಗಾಳಿ ಎಬ್ಬಿಸುತ್ತವೆ. ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ನೀರು ಭೇದಿ. ಮಲ ಗಟ್ಟಿಯಾದ ಮಕ್ಕಳಿಗೆ ಸ್ವಲ್ಪ ಸೇಬಿನ ರಸ ಕುಡಿಸಿ ಅಂತ ನಾವೇ ಹೇಳುವುದುಂಟು. ಅದು ಇದೇ ಗುಣಕ್ಕಾಗಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಕೊಟ್ಟ ಸಲಹೆ ಹೀಗಿದೆ: ಒಂದು ವರ್ಷದೊಳಗೆ ಹಣ್ಣಿನ ರಸವೇ ಬೇಡ, ಒಂದರಿಂದ ಮೂರು ವರ್ಷದವರಿಗೆ ದಿನಕ್ಕೆ 120 ಮಿಲಿ ಸಾಕು, ನಾಲ್ಕರಿಂದ ಆರಕ್ಕೆ ಹೆಚ್ಚೆಂದರೆ 180 ಮಿಲಿ. ನಿಮ್ಮ ಮಗಳು ಕುಡಿದದ್ದು ಎರಡು ಲೋಟ, ಅದೂ ಮೂರು ಹಣ್ಣಿನ ಮೇಲೆ. ದೊಡ್ಡವರಾದ ನಮ್ಮ ಹೊಟ್ಟೆಯೇ ಅಷ್ಟಕ್ಕೆ ಸುಮ್ಮನಿರುವುದು ಅನುಮಾನ.

ಮಗುವನ್ನು ನಾನು ನೋಡಿಲ್ಲ ನಿಜ. ಆದರೆ ತೊಂದರೆ ಶುರುವಾದ ಹೊತ್ತು ತುಂಬಾ ಹೇಳುತ್ತದೆ. ಸಯನೈಡ್ ಆಗಿದ್ದರೆ ತಲೆಸುತ್ತು, ತಲೆನೋವು, ವಾಂತಿ, ಏದುಸಿರು, ಮಂಪರು ಇವು ಬೇಗನೆ ಕಾಣಿಸಬೇಕಿತ್ತು. ಬರೀ ಭೇದಿಯಾಗಿ ಮಾರನೇ ದಿನ ಹೊರಟುಹೋಗುವ ವಿಷ ಅದಲ್ಲ. ಹಣ್ಣಿನ ಮೇಲಿನ ಕೀಟನಾಶಕ ಅದೇ ಸಂಜೆ ತೊಂದರೆ ಕೊಡುವಷ್ಟು ಇದ್ದಿದ್ದರೆ ಜೊಲ್ಲು, ಬೆವರು, ವಾಂತಿ ಕಾಣಬೇಕಿತ್ತು. ಹಾಗಾಗುವುದು ಬಹಳ ಅಪರೂಪ. ಇನ್ನು ಕೆಟ್ಟ ರೋಗಾಣು. ತೋಟದ ವಿಷಯದಲ್ಲಿ ನಾವು ಹೆದರುವ ಇ. ಕೊಲೈ ಒ157 ಹೊಟ್ಟೆಗೆ ಹೋದ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ತಣ್ಣಗಿದ್ದು ಆಮೇಲೆ ಏಳುತ್ತದೆ. ಅದೇ ರಾತ್ರಿ ಶುರು, ಜ್ವರ ಇಲ್ಲ, ರಕ್ತ ಇಲ್ಲ, ಒಂದು ದಿನದಲ್ಲಿ ಮುಕ್ತಾಯ ಅಂದರೆ ಅದು ಹೆಚ್ಚುಕಮ್ಮಿ ಸಕ್ಕರೆಯ ಆಟವೇ.

ಹಾಗಂತ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಸೇಬಿನ ಬೀಜದಲ್ಲಿ ಅಮಿಗ್ಡಲಿನ್ ಅನ್ನುವ ಪದಾರ್ಥ ಇದೆ. ಬೀಜವನ್ನು ಜಜ್ಜಿದಾಗ ಅಥವಾ ಚೆನ್ನಾಗಿ ಅಗಿದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಆದರೆ ಬೀಜದ ಸಿಪ್ಪೆ ಗಟ್ಟಿ. ಮಗು ನುಂಗಿದರೆ ಅದು ಹಾಗೇ ಹೊರಗೆ ಬರುತ್ತದೆ. ಒಂದು ಸೇಬಿನಲ್ಲಿ ಐದರಿಂದ ಹತ್ತು ಬೀಜ ಇರಬಹುದು. ಅದರಲ್ಲಿ ಎರಡು ಮೂರನ್ನು ಅಗಿದಿದ್ದರೂ ಹುಟ್ಟುವ ಪ್ರಮಾಣ ಅತ್ಯಲ್ಪ. ಅಷ್ಟನ್ನು ನಮ್ಮ ಯಕೃತ್ತು ಬೇರೆ ಪದಾರ್ಥವಾಗಿ ಮಾರ್ಪಡಿಸಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಎಚ್ಚರ ಬೇಕಾದದ್ದು ಒಂದೇ ಕಡೆ. ತೋಟದಿಂದ ತಂದ ರಾಶಿ ಸೇಬನ್ನು ಬೀಜ ತೆಗೆಯದೆ ಮಿಕ್ಸಿಗೆ ಹಾಕಿ ರುಬ್ಬಬೇಡಿ. ಅಲ್ಲಿ ಎಲ್ಲ ಬೀಜವೂ ಪುಡಿಯಾಗುತ್ತದೆ.

ಈಗ ಆ ಬಿಳಿ ಪುಡಿ. ಸೇಬು ತನ್ನ ಮೈಮೇಲೆ ತಾನೇ ಒಂದು ಮೇಣದ ಪದರ ಬೆಳೆಸಿಕೊಳ್ಳುತ್ತದೆ. ನೀರು ಆರದಿರಲಿ ಅಂತ. ಮರದಲ್ಲಿರುವಾಗ ಅದು ಮಬ್ಬಾಗಿ, ಬೂದಿ ಸವರಿದ ಹಾಗೆ ಕಾಣುತ್ತದೆ. ಬಟ್ಟೆಗೆ ಉಜ್ಜಿದರೆ ಹೊಳೆಯುತ್ತದೆ. ಅಂಗಡಿಗೆ ಬರುವ ಹಣ್ಣನ್ನು ತೊಳೆದು, ಹೊಸ ಮೇಣ ಹಚ್ಚಿ ಹೊಳೆಯಿಸಿರುತ್ತಾರೆ. ಆ ಹೊಳಪನ್ನೇ ನೋಡಿ ನೋಡಿ ನಮಗೆ ಸಹಜವಾದದ್ದೇ ಔಷಧಿಯ ಥರ ಕಾಣುತ್ತದೆ. ಕೆಲವು ತೋಟಗಳಲ್ಲಿ ಬಿಸಿಲು ಮತ್ತು ಹುಳದಿಂದ ಕಾಯಲು ಕೇಯೋಲಿನ್ ಅನ್ನುವ ಬಿಳಿ ಜೇಡಿಮಣ್ಣನ್ನು ನೀರಲ್ಲಿ ಕಲಸಿ ಹೊಡೆಯುತ್ತಾರೆ. ಅದೂ ಬೆಳ್ಳಗೆ ನಿಲ್ಲುತ್ತದೆ, ತೊಳೆದರೆ ಹೋಗುತ್ತದೆ. ನಿಜವಾದ ಕೀಟನಾಶಕದ ಉಳಿಕೆ ಕಣ್ಣಿಗೆ ಕಾಣಲೇಬೇಕು ಅಂತಿಲ್ಲ. ಆದ್ದರಿಂದ ಬಿಳಿ ಇದ್ದರೆ ವಿಷ, ಇಲ್ಲದಿದ್ದರೆ ಶುದ್ಧ ಅನ್ನುವ ಲೆಕ್ಕ ಎರಡು ಕಡೆಯಿಂದಲೂ ತಪ್ಪು.

ಔಷಧಿ ಹೊಡೆಯದ ಸೇಬಿನ ತೋಟ ಅಪರೂಪ. ಸಾವಯವ ಅಂದರೂ ಗಂಧಕ, ತಾಮ್ರದಂಥವನ್ನು ಬಳಸುತ್ತಾರೆ. ಪ್ರತಿಯೊಂದು ಔಷಧಿಗೂ, ಹೊಡೆದ ಮೇಲೆ ಇಷ್ಟು ದಿನ ಹಣ್ಣು ಕೀಳಬಾರದು ಅನ್ನುವ ಗಡುವು ಇರುತ್ತದೆ. ತೋಟದವರನ್ನು ಸಂಕೋಚವಿಲ್ಲದೆ ಕೇಳಿ: ‘ಈ ಸಾಲಿಗೆ ಕೊನೆಯ ಸಲ ಯಾವಾಗ ಹೊಡೆದಿರಿ?’ ಒಳ್ಳೆಯ ತೋಟದವರಿಗೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆದರೆ ಮೇಲಿನದು ಬಹುಪಾಲು ಹೋಗುತ್ತದೆ. ಸೋಪು ಬೇಡ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಅಡುಗೆ ಸೋಡಾ ಕಲಸಿದ ನೀರಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಇಟ್ಟಾಗ ಅವರು ಪರೀಕ್ಷಿಸಿದ ಎರಡು ಔಷಧಿಗಳು ಮೇಲ್ಮೈಯಿಂದ ಪೂರ್ತಿ ಹೋದವು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಹೋಗಲಿಲ್ಲ. ಸೋಡಾದ ಪ್ರಮಾಣ ಲೀಟರ್ ನೀರಿಗೆ 10 ಗ್ರಾಂ. ಮನೆಯಲ್ಲಿ ಪುರುಸೊತ್ತಿದ್ದರೆ ಮಾಡಿ. ತೋಟದಲ್ಲಿ ಒಂದು ಬಾಟಲಿ ನೀರು ಸಾಕು.

ಯಜಮಾನರಿಗೂ ಒಂದು ಮಾತು. ಮರದ ಹಣ್ಣು ತಾಜಾ, ಒಪ್ಪುತ್ತೇನೆ. ಆದರೆ ತಾಜಾ ಬೇರೆ, ತೊಳೆದದ್ದು ಬೇರೆ. ಮರದ ಮೇಲೆ ಹಕ್ಕಿ ಕೂರುತ್ತದೆ. ನಿಮಗಿಂತ ಮೊದಲು ಬಂದವರು ಆ ಹಣ್ಣನ್ನು ಮುಟ್ಟಿ, ಹಿಸುಕಿ, ಬಿಟ್ಟು ಹೋಗಿರುತ್ತಾರೆ.

ಇಲ್ಲಿಗೆ ಹಳೆಯ ಪಂಚಾಯಿತಿ ಮುಗಿಯಿತು. ಇನ್ನು ಮಗನ ವಿಷಯ.

ನಿಮ್ಮ ಪತ್ರದಲ್ಲಿ ಬೀಜ, ಔಷಧಿ, ಕಣಜ ಎಲ್ಲ ಇದೆ. ಸೇಬಿನ ತುಂಡು ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನುವ ಪ್ರಶ್ನೆ ಮಾತ್ರ ಇಲ್ಲ. ಇದು ನಿಮ್ಮೊಬ್ಬರ ಮರೆವಲ್ಲ. ನನ್ನ ಹತ್ತಿರ ಬರುವ ತಂದೆತಾಯಿಯರಲ್ಲಿ ಹೆಚ್ಚಿನವರು ಹೀಗೆಯೇ. ಕಣ್ಣಿಗೆ ಕಾಣದ ವಿಷಕ್ಕೆ ಹೆದರುತ್ತಾರೆ, ಕೈಯಲ್ಲಿರುವ ಗಟ್ಟಿ ಹಣ್ಣಿಗೆ ಹೆದರುವುದಿಲ್ಲ. ಸೇಬು ಅಂದರೆ ಆರೋಗ್ಯ ಅನ್ನುವ ನಂಬಿಕೆ ಅಷ್ಟು ಗಟ್ಟಿ.

ಆರು ಹಲ್ಲು ಅಂದರೆ ಅವೆಲ್ಲ ಮುಂದಿನ ಹಲ್ಲು. ಮುಂದಿನ ಹಲ್ಲಿನ ಕೆಲಸ ಕಚ್ಚಿ ಮುರಿಯುವುದು. ಅರೆಯುವುದು ದವಡೆ ಹಲ್ಲು. ಮೊದಲ ದವಡೆ ಹಲ್ಲು ಹದಿಮೂರರಿಂದ ಹತ್ತೊಂಬತ್ತು ತಿಂಗಳ ನಡುವೆ ಬರುತ್ತದೆ. ಎರಡನೆಯದು ಬರಲು ಎರಡು ವರ್ಷ ದಾಟಬೇಕು. ಅಂದರೆ ನಿಮ್ಮ ಮಗ ಈಗ ಸೇಬಿನಿಂದ ಒಂದು ತುಂಡನ್ನು ಮುರಿದುಕೊಳ್ಳಬಲ್ಲ, ಅದನ್ನು ಅರೆಯಲಾರ. ಹಲ್ಲೇ ಇಲ್ಲದ ಕೂಸಿಗಿಂತ ಈ ವಯಸ್ಸು ಹೆಚ್ಚು ಅಪಾಯದ್ದು. ಬಾಯೊಳಗೆ ಗಟ್ಟಿ, ಜಾರುವ ತುಂಡು. ಅದನ್ನು ಏನು ಮಾಡಬೇಕು ಅಂತ ತಿಳಿಯದೆ ನುಂಗಲು ನೋಡುತ್ತಾನೆ. ಅವನ ಉಸಿರಿನ ಕೊಳವೆ ಹೆಚ್ಚುಕಮ್ಮಿ ಅವನ ಕಿರುಬೆರಳಿನಷ್ಟೇ ದಪ್ಪ. ಅದಕ್ಕೇ ನಾಲ್ಕು ವರ್ಷದ ತನಕ ಹಸಿ ಸೇಬಿನ ಗಟ್ಟಿ ತುಂಡು ಬೇಡ ಅಂತ ಮಕ್ಕಳ ವೈದ್ಯರು ಹೇಳುವುದು.

ಸೇಬು ಕೊಡಬಾರದು ಅಂತಲ್ಲ. ಬೇಯಿಸಿ, ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಮೆತ್ತಗೆ ಮಾಡಿ ಕೊಡಿ. ಹಸಿಯಾಗಿಯೇ ಬೇಕಾದರೆ ಸಿಪ್ಪೆ ತೆಗೆದು ತುರಿದು ಕೊಡಿ. ತೋಟಕ್ಕೆ ಹೋಗುವ ದಿನ ಮನೆಯಿಂದಲೇ ಬೇಯಿಸಿದ ಸೇಬನ್ನು ಒಂದು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಅಕ್ಕ ತಿನ್ನುವಾಗ ಅವನಿಗೂ ತನ್ನದು ಅಂತ ಒಂದಿರುತ್ತದೆ. ಇಲ್ಲದಿದ್ದರೆ ಅವನ ಅಳು ತಡೆಯಲಾರದೆ ಯಾರಾದರೊಬ್ಬರು ‘ಒಂದು ಚೂರು ಚೀಪಲಿ ಬಿಡಿ’ ಅಂದೇ ಅನ್ನುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಮಗಳಿಗೆ ನಾಲ್ಕು ದಾಟಿದೆ. ಅವಳು ಹಸಿ ಸೇಬು ತಿನ್ನಬಹುದು. ನಡುವಿನ ಬೀಜದ ಗೂಡು ತೆಗೆದು ತೆಳ್ಳಗೆ ಹೆಚ್ಚಿ ಕೊಟ್ಟರೆ ಒಳ್ಳೆಯದು. ಹೇಗೆ ಹೆಚ್ಚಿದ್ದೀರಿ ಅನ್ನುವುದಕ್ಕಿಂತ ಹೇಗೆ ತಿನ್ನುತ್ತಾಳೆ ಅನ್ನುವುದು ದೊಡ್ಡದು. ಕೂತು ತಿನ್ನಬೇಕು. ತೋಟದಲ್ಲಿ ಮಕ್ಕಳು ಬಾಯಲ್ಲಿ ಸೇಬು ಇಟ್ಟುಕೊಂಡೇ ಓಡುತ್ತಾರೆ, ನಗುತ್ತಾರೆ, ಮರದ ಬೇರು ಎಡವುತ್ತಾರೆ. ಎಡವಿದಾಗ ಬಾಯಿ ತೆರೆದು ಉಸಿರು ಒಳಗೆಳೆದುಕೊಳ್ಳುತ್ತಾರೆ. ಟ್ರ್ಯಾಕ್ಟರ್ ಗಾಡಿಯಲ್ಲಿ ಕುಲುಕಾಡುತ್ತ ಹೋಗುವಾಗಲೂ ತಿನ್ನುವುದು ಬೇಡ.

ನೆತ್ತಿಗೆ ಹತ್ತುವುದು ಬೇರೆ, ಉಸಿರು ಕಟ್ಟುವುದು ಬೇರೆ. ಮಗು ಜೋರಾಗಿ ಕೆಮ್ಮುತ್ತಿದೆ, ಅಳುತ್ತಿದೆ ಅಂದರೆ ಗಾಳಿ ಆಡುತ್ತಿದೆ. ಕೆಮ್ಮಲು ಬಿಡಿ. ಬೆನ್ನು ಸವರುವುದು, ನೀರು ಕುಡಿಸುವುದು, ಬಾಯಿಗೆ ಬೆರಳು ಹಾಕಿ ತಡಕುವುದು ಬೇಡ. ಬೆರಳು ತುಂಡನ್ನು ಇನ್ನೂ ಒಳಗೆ ತಳ್ಳಬಹುದು. ಸದ್ದೇ ಇಲ್ಲ, ಕೆಮ್ಮು ಬರುತ್ತಿಲ್ಲ, ಮುಖ ನೀಲಿಗಟ್ಟುತ್ತಿದೆ ಅಂದರೆ ತಕ್ಷಣ ಕೈಹಾಕಬೇಕು. ಒಬ್ಬರು ಆಂಬ್ಯುಲೆನ್ಸ್‌ಗೆ ಫೋನ್ ಮಾಡಲಿ. ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ ಐದು ಗಟ್ಟಿ ಪೆಟ್ಟು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹಿಡಿದು, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ತುಂಡು ಬರುವ ತನಕ ಇದನ್ನೇ ಒಂದಾದ ಮೇಲೊಂದು ಮಾಡಬೇಕು. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು, ಶುರುಮಾಡಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, ಎದೆಯ ನಡುವೆ ಒತ್ತಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಒಂದು ಪ್ರಥಮ ಚಿಕಿತ್ಸೆ ತರಗತಿಯಲ್ಲಿ ಬೊಂಬೆಯ ಮೇಲೆ ಮಾಡಿ ಕಲಿಯುವುದು ಉತ್ತಮ.

ಇನ್ನೊಂದು ವಿಷಯ, ಬಹಳ ಜನಕ್ಕೆ ಗೊತ್ತಿರದದ್ದು. ಹಿಂದೊಮ್ಮೆ ಎರಡು ವರ್ಷದ ಒಂದು ಮಗುವನ್ನು ವಾಸಿಯಾಗದ ಕೆಮ್ಮು ಅಂತ ನನ್ನ ಹತ್ತಿರ ಕರೆತಂದಿದ್ದರು. ಎರಡು ಸಲ ಔಷಧಿ ಆಗಿತ್ತು. ಎದೆಯ ಒಂದೇ ಕಡೆ ಸುಂಯ್ ಅನ್ನುವ ಸದ್ದು. ಕೆದಕಿ ಕೇಳಿದಾಗ ಅಜ್ಜಿಗೆ ನೆನಪಾಯಿತು: ‘ಹಣ್ಣು ತಿನ್ನುವಾಗ ಒಂದ್ಸಲ ನೆತ್ತಿಗೆ ಹತ್ತಿತ್ತು, ಆಮೇಲೆ ಸರಿಹೋಯ್ತು.’ ಸರಿಹೋಗಿರಲಿಲ್ಲ. ಚೂರು ಕೆಳಗಿಳಿದು ಶ್ವಾಸಕೋಶದ ಕವಲಿನಲ್ಲಿ ಕೂತಿತ್ತು. ಹಣ್ಣಿನ ಚೂರು ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಅದಕ್ಕೇ ನೆತ್ತಿಗೆ ಹತ್ತಿ ಕೆಮ್ಮಿದ ಮೇಲೆ ಮಗು ಆಡುತ್ತಿದ್ದರೂ, ಕೆಮ್ಮು ಅಥವಾ ಸದ್ದಿನ ಉಸಿರು ಉಳಿದಿದ್ದರೆ ವೈದ್ಯರಿಗೆ ತೋರಿಸಿ. ತೋರಿಸುವಾಗ ಆ ಘಟನೆಯನ್ನು ನೀವೇ ಬಾಯಿಬಿಟ್ಟು ಹೇಳಿ.

ತೋಟದ ಅಂಗಡಿಯಲ್ಲೂ ಇದೇ ಕಣ್ಣಿಟ್ಟು ನೋಡಿ. ಕಡ್ಡಿಗೆ ಚುಚ್ಚಿದ ಕ್ಯಾರಮೆಲ್ ಸೇಬು, ಪಾಪ್‌ಕಾರ್ನ್, ಇಡೀ ಕಡಲೆಬೀಜ ಇವೆಲ್ಲ ಮಗನಿಗೆ ಇನ್ನೂ ಕೆಲವು ವರ್ಷ ಬೇಡ. ಜೇನುತುಪ್ಪ ಅವನಿಗೆ ನಡೆಯುತ್ತದೆ. ಒಂದು ವರ್ಷದೊಳಗಿನ ಕೂಸು ಯಾರ ಜೊತೆಗಾದರೂ ಇದ್ದರೆ ಅದಕ್ಕೆ ನೆಕ್ಕಿಸುವುದೂ ಬೇಡ. ಬಾಟುಲಿಸಂ ಅನ್ನುವ ಕಾಯಿಲೆಯ ಬೀಜಾಣು ಅದರಲ್ಲಿರಬಹುದು.

ರಸದ ಮಾತು ಇನ್ನೂ ಮುಗಿದಿಲ್ಲ. ಮಗಳಿಗೆ ಹೋದ ವರ್ಷ ತೊಂದರೆ ಕೊಟ್ಟದ್ದು ಅದರ ಸಕ್ಕರೆ. ಆದರೆ ತೋಟದಲ್ಲೇ ಹಿಂಡಿ ಕೊಡುವ ರಸದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಪಾಶ್ಚರೈಸ್ ಮಾಡಿದ್ದಾರಾ, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡಿದ್ದಾರಾ? ದನ, ಜಿಂಕೆಗಳು ಓಡಾಡುವ ತೋಟದಲ್ಲಿ ಉದುರಿದ ಹಣ್ಣಿಗೆ ಸಗಣಿ, ಹಿಕ್ಕೆ ತಗುಲಿರಬಹುದು. ಅಂಥ ನಾಲ್ಕು ಹಣ್ಣು ಗಾಣಕ್ಕೆ ಬಿದ್ದರೆ ಇಡೀ ಪೀಪಾಯಿ ಕೆಡುತ್ತದೆ. ರಸ ಹುಳಿ ಇದೆ, ರೋಗಾಣು ಬದುಕಲ್ಲ ಅಂತ ಒಂದು ಕಾಲದಲ್ಲಿ ನಂಬಿದ್ದರು. 1996ರಲ್ಲಿ ಅಮೆರಿಕದ ಪಶ್ಚಿಮ ಭಾಗ ಮತ್ತು ಕೆನಡಾದಲ್ಲಿ ಬಿಸಿ ಮಾಡದ ಸೇಬಿನ ರಸದಿಂದ ಇ. ಕೊಲೈ ಒ157 ಹರಡಿ ಅರವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಹದಿನಾರು ತಿಂಗಳ ಹೆಣ್ಣುಮಗುವೊಂದು ತೀರಿಕೊಂಡಿತು. ಐದು ವರ್ಷದೊಳಗಿನ ಮಕ್ಕಳಿಗೆ ಈ ರೋಗಾಣು ಕೆಲವೊಮ್ಮೆ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಅದಕ್ಕೇ ನನ್ನ ಮಾತು ಇಲ್ಲಿ ಸ್ವಲ್ಪ ಗಟ್ಟಿ: ಪಾಶ್ಚರೈಸ್ ಆಗದ ರಸ ಇಬ್ಬರಿಗೂ ಬೇಡ, ಒಂದು ಗುಟುಕೂ ಬೇಡ. ಇನ್ನು ‘ಸೈಡರ್’ ಅನ್ನುವ ಬೋರ್ಡು ನೋಡಿ ಮೋಸಹೋಗಬೇಡಿ. ಅಮೆರಿಕದಲ್ಲಿ ಆ ಹೆಸರಿಗೆ ಸೋಸದ ಸೇಬಿನ ರಸ ಸಿಗುತ್ತದೆ, ಬ್ರಿಟನ್ನಿನಲ್ಲಿ ಅದೇ ಹೆಸರಿಗೆ ಮದ್ಯ ಸಿಗುತ್ತದೆ!

ನೆಲಕ್ಕೆ ಬಿದ್ದ ಹಣ್ಣು ಮಕ್ಕಳಿಗೆ ಬೇಡ ಅನ್ನುವುದಕ್ಕೂ ಇದೇ ಕಾರಣ. ಅದೂ ಅಲ್ಲದೆ, ಜಜ್ಜಿ ಕೊಳೆತ ಸೇಬಿನಲ್ಲಿ ಬೂಸ್ಟು ಹಿಡಿದು ಪ್ಯಾಟುಲಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಮಗ ಕೂತು ಆಡುವ ಜಾಗದಲ್ಲಿ ಮಣ್ಣು ಬಾಯಿಗೆ ಹೋಗದ ಹಾಗೆ ನೋಡಿ. ಕಳೆದ ಶತಮಾನದ ಮೊದಲರ್ಧದಲ್ಲಿ ಹಲವು ದೇಶಗಳ ಸೇಬಿನ ತೋಟಗಳಲ್ಲಿ ಲೆಡ್ ಆರ್ಸೆನೇಟ್ ಅನ್ನುವ ಕೀಟನಾಶಕ ಹೊಡೆಯುತ್ತಿದ್ದರು. ಅದರ ಸೀಸ, ಆರ್ಸೆನಿಕ್ ಹಳೆಯ ತೋಟಗಳ ಮೇಲ್ಮಣ್ಣಿನಲ್ಲಿ ಇನ್ನೂ ಉಳಿದಿರಬಹುದು. ಮರ ಅದನ್ನು ಹಣ್ಣಿಗೆ ಅಷ್ಟಾಗಿ ಏರಿಸುವುದಿಲ್ಲ. ಒಂದು ದಿನ ಹೋಗಿ ಬಂದರೆ ಏನೂ ಆಗದು. ಒಂದು ಚಾಪೆ ಹಾಸಿದರೆ, ತಿನ್ನುವ ಮೊದಲು ಕೈ ತೊಳೆಸಿದರೆ ಮುಗಿಯಿತು. ಆಡು, ಕುರಿ ಮುಟ್ಟಿಸುವ ಜಾಗ ಇದ್ದರೆ ಅಲ್ಲಿಂದ ಬಂದ ಕೂಡಲೇ ಸೋಪು ಹಾಕಿ ತೊಳೆಸಿ. ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಅಷ್ಟು ಕೆಲಸ ಮಾಡುವುದಿಲ್ಲ.

ಕಣಜದ ಹುಳ ಆ ಕಾಲದಲ್ಲಿ ಜಾಸ್ತಿ ಕಾಡುವುದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ಅವು ಗೂಡಿನ ಮರಿಗಳಿಗೆ ಹುಳ ಹಿಡಿದು ತಿನ್ನಿಸುತ್ತವೆ. ಮರಿಗಳು ಪ್ರತಿಯಾಗಿ ಒಂದು ಸಿಹಿ ದ್ರವ ಕೊಡುತ್ತವೆ. ಶರತ್ಕಾಲಕ್ಕೆ ಗೂಡಿನಲ್ಲಿ ಮರಿ ಕಡಿಮೆಯಾಗುತ್ತದೆ. ಸಿಹಿ ನಿಂತುಹೋಗುತ್ತದೆ. ಆಗ ಹುಳಿತು ಬಿದ್ದ ಸೇಬಿಗೂ ನಿಮ್ಮ ಮಗಳ ರಸದ ಲೋಟಕ್ಕೂ ಮುತ್ತುತ್ತವೆ. ಬೆಳಗಿನ ತಂಪಿನಲ್ಲಿ ಹೋದರೆ ಅವುಗಳ ಓಡಾಟ ಕಡಿಮೆ. ಚಪ್ಪಲಿ ಬೇಡ, ಪಾದ ಮುಚ್ಚುವ ಬೂಟು ಹಾಕಿಸಿ. ತೂತು ಇರುವ ಹಣ್ಣಿಗೆ ಕೈಹಾಕುವ ಮೊದಲು ಒಮ್ಮೆ ನೋಡಲು ಮಗಳಿಗೆ ಹೇಳಿಕೊಡಿ, ಒಳಗೆ ಹುಳ ಕೂತಿರುತ್ತದೆ. ಕುಡಿಯುವುದಕ್ಕೆ ಮುಚ್ಚಳದ ಲೋಟ ಇರಲಿ. ಹುಳ ಬಂದರೆ ಕೈ ಬೀಸಬೇಡಿ, ಮೆಲ್ಲಗೆ ಜಾಗ ಬಿಡಿ.

ಕಚ್ಚಿದರೆ ತೊಳೆದು ಹತ್ತು ನಿಮಿಷ ತಣ್ಣೀರು ಬಟ್ಟೆ ಇಡಿ. ಮಾರನೇ ದಿನ ಊತ ಇನ್ನಷ್ಟು ಏರಬಹುದು, ಅದಕ್ಕೆ ಗಾಬರಿ ಬೇಡ. ಜೇನುನೊಣವಾದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಬೇಗ ಕೆರೆದು ತೆಗೆಯಿರಿ. ಕಚ್ಚಿದ ಜಾಗ ಬಿಟ್ಟು ಮೈಯೆಲ್ಲ ದದ್ದು, ತುಟಿ ಅಥವಾ ಮುಖ ಊತ, ಉಸಿರಾಟಕ್ಕೆ ಕಷ್ಟ, ವಾಂತಿ, ಸೋತು ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ, ಆಂಬ್ಯುಲೆನ್ಸ್ ಕರೆಯಿರಿ. ಬಾಯೊಳಗೆ ಕಚ್ಚಿದರೂ ಹಾಗೆಯೇ. ಹುಲ್ಲು ಎತ್ತರ ಇರುವ ತೋಟವಾದರೆ ಮನೆಗೆ ಬಂದು ಸ್ನಾನ ಮಾಡಿಸುವಾಗ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ಉಣ್ಣಿ ಹತ್ತಿದೆಯಾ ಅಂತ ನೋಡಿ.

ಏಣಿ ಬೇಡ. ಅಷ್ಟೇ. ಕುಳ್ಳ ಮರಗಳ ತೋಟ ಆರಿಸಿಕೊಂಡರೆ ಅದರ ಅಗತ್ಯವೂ ಬರುವುದಿಲ್ಲ. ಈಗಿನ ಬಹಳ ತೋಟಗಳಲ್ಲಿ ಮರವನ್ನು ಕುಳ್ಳಾಗಿಡುವ ಬೇರಿನ ಮೇಲೆ ಕಸಿ ಕಟ್ಟಿರುತ್ತಾರೆ. ನಾಲ್ಕು ವರ್ಷದ ಮಗುವಿಗೂ ಕೆಳಗಿನ ಕೊಂಬೆ ಸಿಗುತ್ತದೆ.

ಹಾಗಾದರೆ ಈ ವರ್ಷ ಏನು ಮಾಡಬಹುದು? ಮಗನನ್ನು ಮನೆಯಲ್ಲಿ ಬಿಟ್ಟು ಹೋಗಬಹುದು. ಅಪಾಯ ಅತಿ ಕಡಿಮೆ. ಆದರೆ ನೋಡಿಕೊಳ್ಳುವವರು ಬೇಕು, ಅಕ್ಕನ ಜೊತೆ ಹೋಗುವ ಖುಷಿ ಅವನಿಗೆ ತಪ್ಪುತ್ತದೆ. ಇಬ್ಬರನ್ನೂ ಕರೆದೊಯ್ದು ತೋಟದಲ್ಲಿ ಯಾರೂ ಏನೂ ತಿನ್ನಬಾರದು ಅಂತ ಕಟ್ಟಳೆ ಹಾಕಬಹುದು. ಇದು ಹೇಳುವುದಕ್ಕೆ ಚೆಂದ. ಹಣ್ಣು ತೂಗುವ ಮರದ ಕೆಳಗೆ ನಾಲ್ಕೂವರೆ ವರ್ಷದವಳು ಎಷ್ಟು ಹೊತ್ತು ಪಾಲಿಸುತ್ತಾಳೆ? ನೀವು ಆ ಕಡೆ ತಿರುಗಿದಾಗ ಕದ್ದು ತಿನ್ನುತ್ತಾಳೆ. ಕದ್ದು ತಿನ್ನುವಾಗ ಅವಸರ, ಅವಸರದಲ್ಲೇ ನೆತ್ತಿಗೆ ಹತ್ತುವುದು. ನಾನಾಗಿದ್ದರೆ ಮೂರನೇ ದಾರಿ ಹಿಡಿಯುತ್ತೇನೆ. ಮೊದಲು ಕೀಳುವುದು, ಆಮೇಲೆ ಒಂದೇ ಕಡೆ ಚಾಪೆ ಹಾಸಿ ಕೂತು ತಿನ್ನುವುದು. ಮಗಳು ತಾನೇ ಆರಿಸಿದ ಒಂದು ಹಣ್ಣು, ತೊಳೆದು ಹೆಚ್ಚಿದ್ದು. ಮಗನಿಗೆ ಡಬ್ಬಿಯದು. ಕುಡಿಯಲು ನೀರು. ಇದಕ್ಕೆ ಇಬ್ಬರು ದೊಡ್ಡವರು ಬೇಕೇ ಬೇಕು. ಒಬ್ಬರ ಕಣ್ಣು ಪೂರ್ತಿ ಮಗನ ಮೇಲೆ, ಅವನ ಕೈಗೆ ಏನು ಸಿಕ್ಕಿತು ಅನ್ನುವುದರ ಮೇಲೆ. ಇಬ್ಬರೂ ಫೋಟೊ ತೆಗೆಯಲು ನಿಂತರೆ ಈ ಏರ್ಪಾಡು ಕೆಡುತ್ತದೆ.

ಕೀಳುವುದನ್ನು ಮಗಳಿಗೆ ಹೀಗೆ ಹೇಳಿಕೊಡಿ. ಹಣ್ಣನ್ನು ಎಳೆಯಬಾರದು. ಅಂಗೈಯಲ್ಲಿ ಹಿಡಿದು, ಆಕಾಶ ತೋರಿಸುವ ಹಾಗೆ ಮೇಲಕ್ಕೆತ್ತಿ, ಸ್ವಲ್ಪ ತಿರುಗಿಸಬೇಕು. ಮಾಗಿದ್ದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ. ಬರಲಿಲ್ಲ ಅಂದರೆ ಇನ್ನೂ ಸಮಯ ಬೇಕು, ಬಿಟ್ಟುಬಿಡಲಿ. ಜಗ್ಗಿದರೆ ಮುಂದಿನ ವರ್ಷದ ಮೊಗ್ಗಿರುವ ಗಿಡ್ಡ ರೆಂಬೆಯೂ ಮುರಿದು ಬರುತ್ತದೆ. ಕೆಂಪು ಬಣ್ಣ ನೋಡಿ ಆರಿಸಬೇಡಿ. ಕೆಂಪಿನ ನಡುವೆ ಕಾಣುವ ಹಸಿರು, ಹಳದಿಗೆ ತಿರುಗಿರಬೇಕು. ಮರದ ಹೊರಗಿನ, ಬಿಸಿಲು ಬೀಳುವ ಹಣ್ಣು ಮೊದಲು ಮಾಗುತ್ತದೆ. ಹೆಚ್ಚಿದಾಗ ಬೀಜ ಕಂದು ಬಣ್ಣಕ್ಕೆ ಬಂದಿದ್ದರೆ ಹಣ್ಣು ಬಲಿತಿದೆ ಅಂತ ಅರ್ಥ. ಅತ್ತೆಯವರೂ ಜೊತೆಗಿದ್ದರೆ ಬೀಜ ನೋಡುವ ಕೆಲಸ ಅವರಿಗೇ ಕೊಡಿ.

ಚಿಕ್ಕ ಚೀಲ ತೆಗೆದುಕೊಳ್ಳಿ. ಐದು ಕಿಲೋ ಚೀಲದಲ್ಲೇ ಇಪ್ಪತ್ತೈದರಿಂದ ಮೂವತ್ತು ಹಣ್ಣು ಹಿಡಿಸುತ್ತದೆ. ಈ ವಯಸ್ಸಿನವರಿಗೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಬೇಜಾರು ಬರುತ್ತದೆ. ಆಮೇಲೆ ಚೀಲವನ್ನೂ ಮಗುವನ್ನೂ ಹೊರುವವರು ನೀವೇ. ಮನೆಗೆ ತಂದದ್ದನ್ನು ತೊಳೆಯದೆ ಫ್ರಿಜ್ಜಿನಲ್ಲಿಡಿ, ತಿನ್ನುವಾಗ ತೊಳೆಯಿರಿ. ಪೆಟ್ಟಾದದ್ದನ್ನು ಬೇರೆ ಮಾಡಿ, ಪೆಟ್ಟಾದ ಭಾಗ ಕೆತ್ತಿ ತೆಗೆದು ಮೊದಲು ಬೇಯಿಸಿ. ಕೊಳೆತದ್ದನ್ನು ಎಸೆಯಿರಿ.

ಮಗಳಿಗೆ ಈ ಸಲವೂ ಅದೇ ರಾತ್ರಿ ಭೇದಿಯಾದರೆ, ಆಡಿಕೊಂಡಿದ್ದರೆ, ಓಆರ್‌ಎಸ್ ಕೊಡುತ್ತ ಒಂದು ದಿನ ನೋಡಿ. ಆಮೇಲೆ ಎರಡು ದಿನ ಸೇಬು, ರಸ ನಿಲ್ಲಿಸಿ. ತೋಟಕ್ಕೆ ಹೋಗಿ ಬಂದ ಹತ್ತು ದಿನದೊಳಗೆ ಇಬ್ಬರಲ್ಲಿ ಯಾರಿಗಾದರೂ ಮಲದಲ್ಲಿ ರಕ್ತ, ತೀರಾ ಹೊಟ್ಟೆನೋವು, ಮೂತ್ರ ಕಡಿಮೆ, ಮುಖ ಬಿಳಿಚುವುದು ಕಂಡರೆ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ, ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್‌ ಅನ್ನಾಗಲಿ ಕೊಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ‘ಸೇಬಿನ ತೋಟಕ್ಕೆ ಹೋಗಿದ್ದೆವು’ ಅಂತ ಮೊದಲೇ ಹೇಳಿ.